ಗೇಜ್ ಮುಳ್ಳು ನಿಜ ಹೇಳ್ತಿದ್ಯಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಚಿಕ್ಕ ವಿಮಾನದ ಇಂಜಿನ್ ಬಗ್ಗೆ ಬರೆದಿದ್ದೆ, ಅದಕ್ಕೆ ಬಂದ ಪತ್ರ ಮೆಸೇಜ್‌ಗಳಲ್ಲಿ ಹೆಚ್ಚಿನವು ಇಂಜಿನ್ ಬಿಟ್ಟು ಫ್ಯೂಯೆಲ್ ಗೇಜ್ ಬಗ್ಗೆ ಕೇಳಿದ್ವು. ನನಗೆ ಖುಷಿನೇ ಆಯ್ತು, ಯಾಕಂದ್ರೆ ವರ್ಷಗಟ್ಟಲೆ ಚಿಕ್ಕ ವಿಮಾನಗಳ ಮೇಂಟೆನೆನ್ಸ್ ಮಾಡಿದವನಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಪೈಲಟ್ ಟ್ರೇನಿಂಗ್‌ಗೆ ಸೇರಿ ಎರಡು ತಿಂಗಳಾಯ್ತು. ಮೊದಲನೇ ದಿನವೇ ನಮ್ಮ ಇನ್‌ಸ್ಟ್ರಕ್ಟರ್ ಫ್ಯೂಯೆಲ್ ಗೇಜ್ ತೋರಿಸಿ "ಇದೊಂದನ್ನೇ ನಂಬ್ಕೊಂಡು ಹೋಗ್ಬೇಡ" ಅಂದ್ರು. ಕಾರಲ್ಲಿ ಗೇಜ್ ನೋಡ್ಕೊಂಡೇ ಎಲ್ಲಾ ಕಡೆ ತಿರುಗ್ತೀವಿ, ವಿಮಾನದಲ್ಲಿ ಯಾಕೆ ಸಾರ್ ಹಿಂಗೆ?

ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದು ಸರಿ, ಆದ್ರೆ ಯಾಕೆ ಅಂತ ಹೇಳಿಲ್ಲ ಅನ್ಸತ್ತೆ, ಅದು ಗೊತ್ತಾದ್ರೆ ಗೇಜನ್ನ ಎಷ್ಟು ನಂಬ್ಬೇಕು ಅನ್ನೋದೂ ಗೊತ್ತಾಗತ್ತೆ.

ಮೊದಲನೇ ಮಾತು, ಗೇಜ್ ಇಂಧನ ಎಷ್ಟಿದೆ ಅಂತ ಅಳೆಯಲ್ಲ. ಟ್ಯಾಂಕ್ ಒಳಗೆ ಒಂದು ಜಾಗದಲ್ಲಿ ಒಂದು ಬೆಂಡು ಎಷ್ಟು ಎತ್ತರದಲ್ಲಿ ತೇಲ್ತಿದೆ ಅಂತ ಮಾತ್ರ ಅಳೆಯತ್ತೆ. ಬಹಳಷ್ಟು ಚಿಕ್ಕ ವಿಮಾನಗಳಲ್ಲಿ ಇರೋದು ಫ್ಲೋಟ್ ಸೆಂಡರ್, ಅಂದ್ರೆ ಒಂದು ಕಡ್ಡಿ ತುದೀಲಿ ಫ್ಲೋಟ್, ಕಡ್ಡಿಯ ಬುಡದಲ್ಲಿ ಒಂದು ರೆಸಿಸ್ಟರ್ ಮೇಲೆ ಉಜ್ಜಿಕೊಂಡು ಓಡಾಡೋ ಸಣ್ಣ ಪಟ್ಟಿ. ಫ್ಲೋಟ್ ಇಳಿದ್ರೆ ಪಟ್ಟಿ ಸರಿಯತ್ತೆ, ರೆಸಿಸ್ಟೆನ್ಸ್ ಬದಲಾಗತ್ತೆ, ಕರೆಂಟ್ ಬದಲಾಗತ್ತೆ, ಮುಂದೆ ಮುಳ್ಳು ಅಲ್ಲಾಡತ್ತೆ. ಕಾರಲ್ಲೂ ಹೆಚ್ಚುಕಮ್ಮಿ ಇದೇ ಕೆಲಸ ಆಗೋದು. ವ್ಯತ್ಯಾಸ ಇರೋದು ಟ್ಯಾಂಕಿನ ಆಕಾರದಲ್ಲಿ.

ಲೋಟದಲ್ಲಿ ಅರ್ಧ ನೀರು ಹಾಕಿ ಓರೆ ಮಾಡಿ ನೋಡಿ, ಆಮೇಲೆ ಅಷ್ಟೇ ನೀರನ್ನ ಅಗಲವಾದ ತಟ್ಟೆಗೆ ಹಾಕಿ ಅಷ್ಟೇ ಓರೆ ಮಾಡಿ. ಲೋಟದಲ್ಲಿ ಮಟ್ಟ ಸ್ವಲ್ಪ ಓರೆ ಆಗತ್ತೆ ಅಷ್ಟೆ, ತಟ್ಟೇಲಿ ನೀರೆಲ್ಲಾ ಒಂದು ಅಂಚಿಗೆ ಹೋಗಿ ಇನ್ನೊಂದು ಅಂಚು ಒಣಗಿರತ್ತೆ. ವಿಮಾನದ ರೆಕ್ಕೆಯೊಳಗಿನ ಟ್ಯಾಂಕ್ ಅಂದ್ರೆ ಈ ತಟ್ಟೆ. ಅಗಲ ಜಾಸ್ತಿ, ಆಳ ಒಂದು ಗೇಣಿನಷ್ಟೂ ಇರಲ್ಲ ಎಷ್ಟೋ ಕಡೆ, ಹಾಗಾಗಿ ಮಟ್ಟದಲ್ಲಿ ಒಂದು ಬೆರಳು ತಪ್ಪಾದ್ರೆ ಲೆಕ್ಕದಲ್ಲಿ ಲೀಟರ್‌ಗಟ್ಟಲೆ ತಪ್ಪಾಗತ್ತೆ. ಸಾಲದ್ದಕ್ಕೆ ರೆಕ್ಕೆ ಬುಡದಿಂದ ತುದಿಗೆ ಸ್ವಲ್ಪ ಮೇಲಕ್ಕೆ ಎತ್ತಿರತ್ತೆ, ಅದಕ್ಕೆ ಇಂಧನ ಕಡಿಮೆ ಆಗ್ತಾ ಆಗ್ತಾ ಬುಡದ ಕಡೆ ಬಂದು ಸೇರ್ಕೊಳತ್ತೆ. ಫ್ಲೋಟ್ ಬುಡದ ಕಡೆ ಇದ್ರೆ ಟ್ಯಾಂಕ್ ಪೂರ್ತಿ ತುಂಬೋ ಮೊದಲೇ ಫ್ಲೋಟ್ ಮೇಲ್ಗಡೆ ತಗಡಿಗೆ ತಾಗಿರತ್ತೆ, ಇನ್ನು ಮೇಲೆ ಹೋಗೋಕೆ ಜಾಗವೇ ಇಲ್ಲ. ಅದಕ್ಕೇ ಟೇಕಾಫ್ ಆಗಿ ಎಷ್ಟೋ ಹೊತ್ತು ಮುಳ್ಳು ಫುಲ್‌ನಲ್ಲೇ ಕೂತಿರತ್ತೆ, ಆಮೇಲೆ ಒಂದೇ ಸಮನೆ ಇಳಿಯೋಕೆ ಶುರುವಾಗತ್ತೆ. ಮೊದಲನೇ ಸಲ ನೋಡಿದವರು ಎಲ್ಲೋ ಲೀಕ್ ಆಗ್ತಿದೆ ಅಂದ್ಕೊಂಡು ಗಾಬರಿ ಆಗ್ತಾರೆ. ಕೆಲವು ವಿಮಾನದಲ್ಲಿ ಇದಕ್ಕೇ ಅಂತ ಒಂದು ಟ್ಯಾಂಕಿಗೆ ಒಳಗೊಂದು ಹೊರಗೊಂದು ಎರಡು ಫ್ಲೋಟ್ ಹಾಕಿ ಎರಡೂ ಸೇರಿಸಿ ಓದ್ತಾರೆ, ಅದು ಒಳ್ಳೇದು.

ಇನ್ನು ಹಾರ್ತಿರೋವಾಗ ಏರಿದ್ರೆ ಇಂಧನ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ, ರಡರ್ (ಬಾಲದಲ್ಲಿರೋ ಚುಕ್ಕಾಣಿ, ಕಾಲಲ್ಲಿ ಒತ್ತೋದು) ಸರಿಯಾಗಿ ಕೊಡದೆ ಅಡ್ಡಡ್ಡ ಹೋದ್ರೆ ಒಂದು ಪಕ್ಕಕ್ಕೆ. ಗೇಜ್ ಓದೋದಿದ್ರೆ ವಿಮಾನ ಸಮತಟ್ಟಾಗಿ, ಬಾಲ್ (ವಿಮಾನ ಅಡ್ಡ ಜಾರ್ತಿದ್ಯಾ ಅಂತ ತೋರಿಸೋ ಗುಂಡು) ನಡುವೆ ಇಟ್ಕೊಂಡು ಒಂದು ನಿಮಿಷ ಹಾರಿಸಿ ಆಮೇಲೆ ಓದಿ.

ಇವೆಲ್ಲಾ ಗೇಜ್ ಚೆನ್ನಾಗಿದ್ದಾಗಿನ ಮಾತು. ಹಾಳಾದಾಗಿನದು ಬೇರೆ ಕಥೆ. ಒಂದು ಟ್ರೇನಿಂಗ್ ವಿಮಾನ ನನ್ನ ಹತ್ರ ಬಂದಿತ್ತು, ಬಲಗಡೆ ಮುಳ್ಳು ಮನಸ್ಸಿಗೆ ಬಂದ ಹಾಗೆ ಮೇಲೆ ಕೆಳಗೆ ಹೋಗತ್ತೆ ಅಂತ ಕಂಪ್ಲೇಂಟು, ಅದಕ್ಕೆ ಮೊದಲೇ ಬೇರೆಯವರು ಗೇಜ್ ಎರಡು ಸಲ ಬದಲಾಯಿಸಿದ್ರು. ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಗಿದ್ದು ಏನಂದ್ರೆ ಗೇಜಲ್ಲೂ ಏನಿಲ್ಲ, ಸೆಂಡರಲ್ಲೂ ಏನಿಲ್ಲ, ಸೆಂಡರ್‌ನಿಂದ ವಿಮಾನದ ಮೈಗೆ ಹೋಗೋ ಅರ್ಥ್ ವೈರಿನ ತುದೀಲಿ ಕಿಲುಬು. ಉಜ್ಜಿ ಸ್ಕ್ರೂ ಬಿಗಿ ಮಾಡಿದ್ಮೇಲೆ ಮುಳ್ಳು ಕಲ್ಲಿನ ಹಾಗೆ ನಿಂತ್ಕೊಳ್ತು. ಇಲ್ಲಿ ಒಂದು ವಿಷಯ ಗಮನಿಸಿ, ಕೆಲವು ಸಿಸ್ಟಮ್‌ಗಳಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂದ್ರೆ ಖಾಲಿ, ಕೆಲವದ್ರಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂದ್ರೆ ತುಂಬಿದೆ. ಎರಡನೇ ಥರದ್ದಾದ್ರೆ ಕಿಲುಬು ಹೆಚ್ಚಾದಷ್ಟೂ ಟ್ಯಾಂಕ್ ತುಂಬಿದ ಹಾಗೆ ಕಾಣತ್ತೆ. ನಿಮ್ಮ ವಿಮಾನದ್ದು ಯಾವುದು ಅಂತ ಮೆಕ್ಯಾನಿಕ್‌ನ ಕೇಳಿ ತಿಳ್ಕೊಳ್ಳಿ, ಐದು ನಿಮಿಷದ ಮಾತು.

ಪ್ರಶ್ನೆ: ಕಾನೂನು ಪ್ರಕಾರ ಫ್ಯೂಯೆಲ್ ಗೇಜ್ ಟ್ಯಾಂಕ್ ಖಾಲಿ ಆದಾಗ ಮಾತ್ರ ಸರಿಯಾಗಿ ತೋರಿಸಿದ್ರೆ ಸಾಕಂತೆ, ಉಳಿದ ಹೊತ್ತು ಏನು ತೋರಿಸಿದ್ರೂ ನಡೆಯತ್ತಂತೆ. ನಿಜವಾ?

ಇಲ್ಲ. ಇದು ಹ್ಯಾಂಗರ್‌ಗಳಲ್ಲಿ ಬಾಯಿಂದ ಬಾಯಿಗೆ ಹರಡಿರೋ ಮಾತು, ಹೇಳೋವರು ಎಷ್ಟು ಧೈರ್ಯವಾಗಿ ಹೇಳ್ತಾರೆ ಅಂದ್ರೆ ನಾನೂ ಶುರುವಲ್ಲಿ ನಂಬಿದ್ದೆ. ಇದು ಹುಟ್ಟಿದ್ದು ಅಮೆರಿಕದಲ್ಲಿ ಚಿಕ್ಕ ವಿಮಾನಗಳಿಗೆ 2017ರವರೆಗೆ ಇದ್ದ ನಿಯಮ 23.1337 ಅನ್ನೋದ್ರಿಂದ. ಅದ್ರಲ್ಲಿ ಹೇಳಿದ್ದು ಸಮತಟ್ಟಾಗಿ ಹಾರುವಾಗ ಟ್ಯಾಂಕಲ್ಲಿ ಬಳಸೋಕೆ ಬರದ ಇಂಧನ ಮಾತ್ರ ಉಳಿದಿದ್ರೆ ಗೇಜ್ ಸೊನ್ನೆ ತೋರಿಸೋ ಹಾಗೆ ಕ್ಯಾಲಿಬ್ರೇಟ್ ಮಾಡಿರ್ಬೇಕು ಅಂತ. ಅಂದ್ರೆ ಸೊನ್ನೆ ಅನ್ನೋದಕ್ಕೆ ಅರ್ಥ ಏನು ಅಂತ ಹೇಳಿದ್ದಾರೆ, ಟ್ಯಾಂಕ್ ಒಣಗಿದಾಗ ಅಲ್ಲ, ಇಂಜಿನ್‌ಗೆ ಸಿಗೋ ಇಂಧನ ಮುಗಿದಾಗ ಸೊನ್ನೆ. ಉದಾಹರಣೆಗೆ ಚಿಕ್ಕ ವಿಮಾನ ಸೆಸ್ನಾ 172ಎಸ್‌ನಲ್ಲಿ ಎರಡು ಟ್ಯಾಂಕ್ ಸೇರಿ 56 ಗ್ಯಾಲನ್ ಹಿಡಿಯತ್ತೆ, ಬಳಸೋಕೆ ಸಿಗೋದು 53, ಲೀಟರ್ ಲೆಕ್ಕದಲ್ಲಿ ಸುಮಾರು 212 ಮತ್ತು 200. ಆ ಮೂರು ಗ್ಯಾಲನ್ ಟ್ಯಾಂಕಲ್ಲೇ ಇದ್ರೂ ಅದನ್ನ ಲೆಕ್ಕಕ್ಕೆ ತಗೋಬಾರದು, ಹಾಗಾಗಿ ಮುಳ್ಳು ಅಲ್ಲಿ ಸೊನ್ನೆ ಹೇಳ್ಬೇಕು. ಉಳಿದ ಹೊತ್ತು ಸುಳ್ಳು ಹೇಳ್ಬಹುದು ಅಂತ ಎಲ್ಲೂ ಬರೆದಿಲ್ಲ, ಹಾರುವಾಗ ಪ್ರತಿ ಟ್ಯಾಂಕಲ್ಲಿ ಬಳಸಬಹುದಾದ ಇಂಧನ ಎಷ್ಟಿದೆ ಅಂತ ಪೈಲಟ್‌ಗೆ ಗೊತ್ತಾಗೋ ವ್ಯವಸ್ಥೆ ಇರಲೇಬೇಕು ಅಂತ ಅದೇ ನಿಯಮ ಹೇಳ್ತಿತ್ತು. ಪ್ರತಿ ಟ್ಯಾಂಕಿನ ಗೇಜ್ ಕೆಲಸ ಮಾಡ್ತಿರ್ಬೇಕು ಅನ್ನೋದು ಅಲ್ಲಿನ 91.205 ನಿಯಮದಲ್ಲೂ ಇದೆ.

ಈ ತಪ್ಪು ಮಾತಿನಿಂದ ಆಗೋ ನಷ್ಟ ಏನಂದ್ರೆ ಗೇಜ್ ಕೆಟ್ಟಿದ್ರೂ "ಅದು ಹಂಗೇ, ಎಲ್ಲಾ ವಿಮಾನದಲ್ಲೂ ಹಂಗೇ" ಅಂತ ಯಾರೂ ಕಂಪ್ಲೇಂಟ್ ಬರೆದು ಕೊಡಲ್ಲ, ಬರೆದು ಕೊಡದೆ ಇದ್ರೆ ರಿಪೇರಿ ಆಗಲ್ಲ. ದಯವಿಟ್ಟು ಬರೆದು ಕೊಡಿ. ಸರಿ ಮಾಡೋದು ದೊಡ್ಡ ಕೆಲಸ ಏನಲ್ಲ, ವಿಮಾನನ ಮಟ್ಟಕ್ಕೆ ನಿಲ್ಸಿ, ಟ್ಯಾಂಕ್ ಖಾಲಿ ಮಾಡಿ, ಬಳಸೋಕೆ ಬರದಷ್ಟನ್ನ ಅಳೆದು ಹಾಕಿ ಅಲ್ಲಿಗೆ ಸೊನ್ನೆ ಹೊಂದಿಸೋದು, ಆಮೇಲೆ ಅಳೆದು ಅಳೆದು ತುಂಬ್ತಾ ಪ್ರತಿ ಹಂತದಲ್ಲೂ ಮುಳ್ಳು ಎಲ್ಲಿದೆ ಅಂತ ಬರ್ಕೊಳ್ಳೋದು. ಒಂದು ಮಧ್ಯಾಹ್ನ ಬೇಕು.

ಪ್ರಶ್ನೆ: ಫ್ಲೋಟ್ ತೆಗೆದು ಕೆಪಾಸಿಟೆನ್ಸ್ ಪ್ರೋಬ್ ಹಾಕಿಸಿದ್ರೆ ಈ ತಲೆನೋವೆಲ್ಲಾ ಹೋಗತ್ತಾ?

ಕೆಲವು ಹೋಗತ್ತೆ, ಹೊಸವು ಕೆಲವು ಬರತ್ತೆ. ಪ್ರೋಬ್ ಅಂದ್ರೆ ಒಂದರೊಳಗೊಂದು ಇರೋ ಎರಡು ಲೋಹದ ಕೊಳವೆ, ನಡುವೆ ಗಾಳಿ ಇದ್ರೆ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಟ್ಕೊಳ್ಳೋ ಶಕ್ತಿ) ಇಷ್ಟು, ಪೆಟ್ರೋಲ್ ಇದ್ರೆ ಸುಮಾರು ಎರಡರಷ್ಟು, ಯಾಕಂದ್ರೆ ಇಂಧನದ ಡೈಎಲೆಕ್ಟ್ರಿಕ್ ಸಂಖ್ಯೆ ಸುಮಾರು 2, ಗಾಳೀದು 1. ಕೊಳವೆ ಎಷ್ಟು ಎತ್ತರಕ್ಕೆ ನೆನೆದಿದೆ ಅಂತ ಇದ್ರಿಂದ ಲೆಕ್ಕ ಹಾಕ್ತಾರೆ. ಉಜ್ಜೋ ಪಟ್ಟಿ ಇಲ್ಲ, ಸವೆಯೋದಿಲ್ಲ, ಸಿಕ್ಕಿಹಾಕ್ಕೊಳ್ಳೋದಿಲ್ಲ, ರೆಕ್ಕೆ ಉದ್ದಕ್ಕೂ ನಾಲ್ಕೈದು ಹಾಕಿ ಕೂಡಿಸಿದ್ರೆ ಓರೆ ಆದಾಗಿನ ತಪ್ಪೂ ಕಡಿಮೆ ಆಗತ್ತೆ. ಅದಕ್ಕೇ ದೊಡ್ಡ ವಿಮಾನಗಳಲ್ಲಿ ಇದೇ ಇರೋದು.

ಆದ್ರೆ ನೀರಿನ ಡೈಎಲೆಕ್ಟ್ರಿಕ್ ಸಂಖ್ಯೆ ಸುಮಾರು 80. ಟ್ಯಾಂಕ್ ತಳದಲ್ಲಿ ಒಂದು ಚಮಚ ನೀರು ಕೊಳವೆಯೊಳಗೆ ಹೋದ್ರೂ ಓದು ಎಲ್ಲೆಲ್ಲಿಗೋ ಹೋಗತ್ತೆ. ಬೆಳಗ್ಗೆ ಟ್ಯಾಂಕ್ ತಳದಿಂದ ಸ್ವಲ್ಪ ಇಂಧನ ಬಿಟ್ಟು ನೀರಿದ್ಯಾ ನೋಡೋದು ಇಂಜಿನ್‌ಗೋಸ್ಕರ ಮಾತ್ರ ಅಲ್ಲ, ಗೇಜ್‌ಗೋಸ್ಕರವೂ. ಈಗ ಇನ್ನೊಂದು ಥರ ಬಂದಿದೆ, ಫ್ಲೋಟೇ ಇರತ್ತೆ ಆದ್ರೆ ಉಜ್ಜೋ ಪಟ್ಟಿ ಬದಲು ಮ್ಯಾಗ್ನೆಟ್, ಕಡ್ಡಿ ಎಷ್ಟು ತಿರುಗಿದೆ ಅಂತ ಹೊರಗಿಂದ ಮುಟ್ಟದೇ ಓದತ್ತೆ. ಹಳೇ ವಿಮಾನಕ್ಕೆ ಹಾಕಿಸೋದಿದ್ರೆ ನನ್ನ ಮನಸ್ಸು ಇದರ ಕಡೆ.

ಯಾವ ಸೆನ್ಸರ್ ಆದ್ರೂ ಅದನ್ನ ಓದೋ ಡಬ್ಬಕ್ಕೆ ಟ್ಯಾಂಕಿನ ಆಕಾರ ಗೊತ್ತಿರ್ಬೇಕು. 2005ರ ಆಗಸ್ಟ್ 6ರಂದು ಟುನೀಷಿಯಾದ ಟುನಿಂಟರ್ ಕಂಪನಿಯ ಒಂದು ಎಟಿಆರ್ 72 ವಿಮಾನ ಇಟಲಿಯ ಸಿಸಿಲಿ ಹತ್ರ ಸಮುದ್ರದಲ್ಲಿ ಇಳೀಬೇಕಾಗಿ ಬಂತು, ಎರಡೂ ಇಂಜಿನ್ ನಿಂತಿತ್ತು, ಇದ್ದ 39 ಜನರಲ್ಲಿ 16 ಜನ ತೀರ್ಕೊಂಡ್ರು. ಹಿಂದಿನ ದಿನ ಕೆಟ್ಟ ಫ್ಯೂಯೆಲ್ ಇಂಡಿಕೇಟರ್ ತೆಗೆದು ಅದರ ಬದಲು ಹಾಕಿದ್ದು ಚಿಕ್ಕ ಮಾಡೆಲ್ ಎಟಿಆರ್ 42ರದ್ದು. ನೋಡೋಕೆ ಒಂದೇ ಥರ, ಹಾಕೋ ಜಾಗಕ್ಕೂ ಸರಿಯಾಗಿ ಕೂರತ್ತೆ, ಆದ್ರೆ ಟ್ಯಾಂಕ್ ಬೇರೆ, ಹಾಗಾಗಿ ಇಲ್ಲದ ಇಂಧನನ ಇದೆ ಅಂತ ತೋರಿಸ್ತು. ಮೇಂಟೆನೆನ್ಸ್ ಮಾಡೋವರು ಈ ಘಟನೆ ಓದ್ಲೇಬೇಕು ಅಂತ ನಾನು ಯಾವಾಗ್ಲೂ ಹೇಳ್ತೀನಿ, ಪಾರ್ಟ್ ನಂಬರ್ ಓದೋದು ಎಷ್ಟು ದೊಡ್ಡ ಕೆಲಸ ಅಂತ ಅದ್ರಿಂದ ಗೊತ್ತಾಗತ್ತೆ.

ಪ್ರಶ್ನೆ: ಲೋ ಫ್ಯೂಯೆಲ್ ಲೈಟ್ ಬಂದ್ಮೇಲೆ ಎಷ್ಟು ಹೊತ್ತು ಹಾರ್ಬಹುದು? ಬೈಕ್ ರಿಸರ್ವ್ ಥರನಾ?

ಬೈಕ್ ರಿಸರ್ವ್ ಥರ ಖಂಡಿತ ಅಲ್ಲ, ಆ ಯೋಚನೆನ ಮೊದಲು ತಲೆಯಿಂದ ತೆಗೀರಿ. ಬೈಕ್ ನಿಂತ್ರೆ ಪಕ್ಕಕ್ಕೆ ತಳ್ಕೊಂಡು ಹೋಗ್ಬಹುದು.

ಎಷ್ಟು ಹೊತ್ತು ಅನ್ನೋದು ಒಂದೊಂದು ವಿಮಾನಕ್ಕೆ ಒಂದೊಂದು. 172ಎಸ್‌ನಲ್ಲಿ ಒಂದು ಟ್ಯಾಂಕಲ್ಲಿ ಸುಮಾರು 5 ಗ್ಯಾಲನ್‌ಗಿಂತ ಕಡಿಮೆ ಆಗಿ 60 ಸೆಕೆಂಡ್‌ಗಿಂತ ಜಾಸ್ತಿ ಹಾಗೇ ಇದ್ರೆ ಆ ಪಕ್ಕದ ಹಳದಿ ಲೈಟ್ ಬರತ್ತೆ. ಆ 60 ಸೆಕೆಂಡ್ ಯಾಕಂದ್ರೆ ಗಾಳಿಯ ಹೊಯ್ದಾಟಕ್ಕೆ ಇಂಧನ ಕುಲುಕಿ ಲೈಟ್ ಸುಮ್ಮಸುಮ್ಮನೆ ಹತ್ತಿ ಆರಬಾರದು, ಹಾಗೆ ಹತ್ತಿ ಆರ್ತಾ ಇದ್ರೆ ಪೈಲಟ್ ಅದನ್ನ ನೋಡೋದೇ ಬಿಟ್ಬಿಡ್ತಾನೆ. ಈಗ ಲೆಕ್ಕ ಹಾಕಿ, ಎರಡೂ ಲೈಟ್ ಬಂದಿದೆ ಅಂದ್ರೆ 10 ಗ್ಯಾಲನ್, ಅದ್ರಲ್ಲಿ ಬಳಸೋಕೆ ಬರದ 3 ಕಳೀರಿ, ಉಳಿದಿದ್ದು 7, ಗಂಟೆಗೆ 9 ಕುಡಿಯೋ ಇಂಜಿನ್‌ಗೆ ಅದು ಮುಕ್ಕಾಲು ಗಂಟೆ. ಕೇಳೋಕೆ ಜಾಸ್ತಿ ಅನ್ಸತ್ತೆ. ಆದ್ರೆ ಹಗಲಲ್ಲಿ ಕಣ್ಣಿಂದ ನೋಡ್ಕೊಂಡು ಹಾರುವಾಗ 30 ನಿಮಿಷ, ರಾತ್ರಿ 45 ನಿಮಿಷದ್ದು ಇಳಿಯೋ ಜಾಗ ಮುಟ್ಟಿದ ಮೇಲೂ ಉಳಿಯೋ ಹಾಗೆ ಪ್ಲಾನ್ ಮಾಡ್ಬೇಕು ಅಂತ ಅಮೆರಿಕದ ನಿಯಮ. ಅಂದ್ರೆ ರಾತ್ರಿ ಆ ಲೈಟ್ ಬಂತು ಅಂದ್ರೆ ನೀವು ಆಗ್ಲೇ ಮುಟ್ಟಬಾರದ ಗಂಟಿಗೆ ಕೈ ಹಾಕಿದ್ದೀರಿ. ಇನ್ನು ಕೆಲವು ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಲೈಟ್ ಬಂದ ಮೇಲೆ ಉಳಿಯೋದು ಐದು ಹತ್ತು ನಿಮಿಷ ಅಷ್ಟೆ.

ಒಳ್ಳೆ ವಾರ್ನಿಂಗ್ ಅಂದ್ರೆ ಗೇಜ್‌ಗೆ ಸಂಬಂಧವೇ ಇಲ್ಲದ ಬೇರೆ ಸೆನ್ಸರ್‌ನಿಂದ ಬರ್ಬೇಕು. ಗೇಜ್ ಸೆಂಡರ್‌ನಿಂದಲೇ ಲೈಟೂ ಬಂದ್ರೆ ಫ್ಲೋಟ್ ಮೇಲೆ ಸಿಕ್ಕಿಹಾಕ್ಕೊಂಡಾಗ ಮುಳ್ಳೂ ಸುಳ್ಳು ಹೇಳತ್ತೆ, ಲೈಟೂ ಸುಮ್ಮನಿರತ್ತೆ. ಬೇರೆ ಸೆನ್ಸರ್‌ಗಳಲ್ಲಿ ನನಗೆ ತುಂಬಾ ಇಷ್ಟ ಆಗೋದು ಗಾಜಿನ ಪ್ರಿಸಂದು, ಒಳಗಿಂದ ಇನ್‌ಫ್ರಾರೆಡ್ ಬೆಳಕು ಬಿಡ್ತಾರೆ, ಪ್ರಿಸಂ ಗಾಳೀಲಿದ್ರೆ ಬೆಳಕು ಪೂರ್ತಿ ವಾಪಸ್ ಬರತ್ತೆ, ಇಂಧನದಲ್ಲಿ ಮುಳುಗಿದ್ರೆ ಆಚೆ ಹೋಗಿಬಿಡತ್ತೆ. ವಾಪಸ್ ಬಂತು ಅಂದ್ರೆ ಲೈಟ್ ಹಚ್ಚು. ಅಲ್ಲಾಡೋ ಭಾಗ ಒಂದೂ ಇಲ್ಲ. ಥರ್ಮಿಸ್ಟರ್ ಇನ್ನೊಂದು, ಸ್ವಲ್ಪ ಕರೆಂಟ್ ಕೊಟ್ಟು ಬಿಸಿ ಮಾಡ್ತಿರ್ತಾರೆ, ಇಂಧನ ಇರೋವರೆಗೂ ತಣ್ಣಗಿರತ್ತೆ, ಇಂಧನ ಇಳಿದ ಕೂಡ್ಲೇ ಬಿಸಿಯಾಗಿ ರೆಸಿಸ್ಟೆನ್ಸ್ ಬಿದ್ದು ಲೈಟ್ ಹತ್ತತ್ತೆ.

ಹತ್ತಿದ ಲೈಟನ್ನ ಏನು ಮಾಡ್ಬೇಕು ಅನ್ನೋದು ಕೊನೇಗೆ ಮನುಷ್ಯನ ಕೈಲಿದೆ. 2013ರ ನವೆಂಬರ್ 29ರ ರಾತ್ರಿ ಗ್ಲಾಸ್ಗೋ ಊರಲ್ಲಿ ಪೊಲೀಸ್ ಕೆಲಸದ ಇಸಿ135 ಹೆಲಿಕಾಪ್ಟರ್ ಒಂದು ಪಬ್ ಮೇಲೆ ಬಿತ್ತು, ಹತ್ತು ಜನ ಸತ್ತರು. ಬ್ರಿಟನ್ನಿನ ತನಿಖೆಯವರು ಟ್ಯಾಂಕ್ ತೆಗೆದು ನೋಡಿದ್ರೆ ದೊಡ್ಡ ಟ್ಯಾಂಕಲ್ಲಿ 73 ಕೆಜಿ ಇಂಧನ ಹಾಗೇ ಇತ್ತು, ಇಂಜಿನ್‌ಗೆ ಕೊಡೋ ಎರಡು ಚಿಕ್ಕ ಟ್ಯಾಂಕ್ ಮಾತ್ರ ಖಾಲಿ, ಒಂದರಿಂದ ಇನ್ನೊಂದಕ್ಕೆ ಸಾಗಿಸೋ ಪಂಪ್‌ಗಳ ಸ್ವಿಚ್ ಆಫ್. ಆ ಹಾರಾಟದಲ್ಲಿ ಲೋ ಫ್ಯೂಯೆಲ್ ವಾರ್ನಿಂಗ್ ಐದು ಸಲ ಬಂದಿತ್ತು, ಐದು ಸಲವೂ ಪೈಲಟ್ ನೋಡಿದ್ದೀನಿ ಅಂತ ಬಟನ್ ಒತ್ತಿದ್ದು ದಾಖಲಾಗಿತ್ತು. ಚೆಕ್‌ಲಿಸ್ಟ್ ಹೇಳೋದು ಹತ್ತು ನಿಮಿಷದೊಳಗೆ ಇಳಿ ಅಂತ. ಯಾಕೆ ಇಳೀಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ, ಅದನ್ನ ನೆನೆಸ್ಕೊಂಡ್ರೆ ನನಗೆ ಹೊಟ್ಟೇಲಿ ಸಂಕಟ ಆಗತ್ತೆ.

ಪ್ರಶ್ನೆ: ನಮ್ಮ ವಿಮಾನದಲ್ಲಿ ಫ್ಯೂಯೆಲ್ ಕಂಪ್ಯೂಟರ್ ಇದೆ, ಉಳಿದಿರೋದನ್ನ ಪಾಯಿಂಟ್ ಲೆಕ್ಕದಲ್ಲಿ ತೋರಿಸತ್ತೆ. ಇನ್ನು ಗೇಜ್ ಯಾಕೆ ನೋಡ್ಬೇಕು?

ಅದು ಟ್ಯಾಂಕನ್ನ ನೋಡ್ತಾನೇ ಇಲ್ಲ, ಅದಕ್ಕೆ. ಇಂಜಿನ್‌ಗೆ ಹೋಗೋ ಪೈಪಲ್ಲಿ ಒಂದು ಪುಟ್ಟ ಚಕ್ರ ತಿರುಗ್ತಿರತ್ತೆ, ಎಷ್ಟು ಸುತ್ತಿಗೆ ಎಷ್ಟು ಇಂಧನ ಅಂತ ಲೆಕ್ಕ ಇಟ್ಟು, ಹೊರಡುವಾಗ ನೀವು ಟೈಪ್ ಮಾಡಿದ ಅಂಕಿಯಿಂದ ಕಳೀತಾ ಹೋಗತ್ತೆ. ನೀವು ಫುಲ್ ಅಂತ ಒತ್ತಿದ್ರೆ ಅದಕ್ಕೆ ಫುಲ್ಲೇ, ನಿಜಕ್ಕೂ ಅರ್ಧ ಇದ್ರೂ. ಚಕ್ರದ ಲೆಕ್ಕ ಬಹಳ ನಿಖರ, ಆ ವಿಷಯದಲ್ಲಿ ಗೇಜ್ ಹತ್ರಕ್ಕೂ ಬರಲ್ಲ, ಆದ್ರೆ ಚಕ್ರಕ್ಕೆ ಮೊದಲೇ ಆಚೆ ಹೋದ ಇಂಧನ ಅದಕ್ಕೆ ಕಾಣಲ್ಲ. ರೆಕ್ಕೆ ಮೇಲಿನ ಮುಚ್ಚಳ ಸರಿಯಾಗಿ ಕೂತಿಲ್ಲ ಅಂದ್ರೆ ಹಾರುವಾಗ ಅಲ್ಲಿ ಒತ್ತಡ ಕಡಿಮೆ ಇರೋದ್ರಿಂದ ಇಂಧನನ ಹೀರಿ ಹೀರಿ ಆಚೆ ಚೆಲ್ಲತ್ತೆ, ಕಂಪ್ಯೂಟರ್ ಏನೂ ಗೊತ್ತಿಲ್ಲದ ಹಾಗೆ ಲೆಕ್ಕ ಹೇಳ್ತಾ ಇರತ್ತೆ. ಇದು ಕಂಡುಹಿಡಿಯೋದು ಗೇಜ್ ಮಾತ್ರ.

ಇದರಲ್ಲೂ ಒಂದು ಕೆಟ್ಟ ತಿರುವಿದೆ, ಹೇಳಲೇಬೇಕು. ರಬ್ಬರ್ ಚೀಲದಂಥ ಟ್ಯಾಂಕ್ ಇರೋ ಹಳೇ ಸೆಸ್ನಾಗಳಲ್ಲಿ ಮುಚ್ಚಳದಿಂದ ಹೀರುವಾಗ ಚೀಲದ ತಳವೇ ಮೇಲಕ್ಕೆ ಎದ್ದು ಫ್ಲೋಟನ್ನ ಎತ್ತಿ ಹಿಡಿಯತ್ತೆ. ಇಂಧನ ಹೋಗ್ತಿರತ್ತೆ, ಮುಳ್ಳು ಫುಲ್‌ನಲ್ಲೇ ಇರತ್ತೆ. ಹಾಗಾಗಿ ಮುಳ್ಳು ಇಳೀಬೇಕಾದ ಹೊತ್ತಲ್ಲಿ ಇಳೀದೆ ಇದ್ರೂ ಅನುಮಾನ ಪಡಿ. ನನ್ನ ಪದ್ಧತಿ ಏನಂದ್ರೆ ಹೊರಡೋ ಮೊದಲು ಕೋಲು ಹಾಕಿ ಅಳೆದಿದ್ದು, ಗಡಿಯಾರ ನೋಡಿ ಹಾಕಿದ ಲೆಕ್ಕ, ಕಂಪ್ಯೂಟರ್ ಹೇಳೋದು, ಗೇಜ್ ಹೇಳೋದು, ನಾಲ್ಕರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆ ಹೇಳತ್ತೋ ಅದನ್ನ ನಂಬಿ ಇಳಿಯೋದು, ಯಾಕೆ ಹಂಗೆ ಹೇಳ್ತು ಅಂತ ನೆಲದ ಮೇಲೆ ನಿಂತು ಹುಡುಕೋದು. ಕೋಲು ಮಾತ್ರ ನಿಮ್ಮ ವಿಮಾನಕ್ಕೇ ಗುರುತು ಹಾಕಿದ್ದಾಗಿರ್ಬೇಕು.

ಪ್ರಶ್ನೆ: ಮೊದಲ ಕಾಲದ ವಿಮಾನದಲ್ಲಿ ಗೇಜ್ ಇತ್ತಾ?

ಹಳೇ ಕಾಲದ ಪುಟ್ಟ ವಿಮಾನ ಪೈಪರ್ ಕಬ್‌ನಲ್ಲಿ ಇದ್ದಿದ್ದು ಬೆಂಡಿಗೆ ಸಿಕ್ಕಿಸಿದ ಒಂದು ತಂತಿ, ಮೂಗಿನ ಮುಂದಿರೋ ಟ್ಯಾಂಕ್ ಮುಚ್ಚಳದ ತೂತಿಂದ ಆಚೆ ನಿಂತಿರತ್ತೆ, ತಂತಿ ಇಳಿದಷ್ಟೂ ಇಂಧನ ಕಡಿಮೆ. ಇವತ್ತಿಗೂ ಅದು ಹಂಗೇ ಕೆಲಸ ಮಾಡತ್ತೆ. 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದಲ್ಲಿ ಐದು ಟ್ಯಾಂಕು, ಯಾವ ಟ್ಯಾಂಕಿಂದ ಎಷ್ಟು ಗಂಟೆ ಓಡಿಸ್ದೆ ಅಂತ ಅವರು ಮುಂದಿನ ಪ್ಯಾನಲ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳ್ಕೊಂಡು ಲೆಕ್ಕ ಇಟ್ಟಿದ್ರು.

ಪ್ರಶ್ನೆ: ಸ್ನೇಹಿತರು ಸೇರಿ ನಾವೇ ಎರಡು ಸೀಟಿನ ವಿಮಾನ ಕಟ್ತಿದ್ದೀವಿ. ಎಲೆಕ್ಟ್ರಿಕ್ ಗೇಜ್ ಬೇಡ, ಪಾರದರ್ಶಕ ಟ್ಯೂಬ್ ಸಾಕು ಅಂತ ಒಬ್ಬರ ವಾದ. ಏನಂತೀರಿ?

ಟ್ಯೂಬ್ ಒಳ್ಳೇದೇ, ಕರೆಂಟ್ ಬೇಡ, ಕಣ್ಣಿಗೆ ಕಾಣೋ ಇಂಧನ. ಷರತ್ತು ಎರಡು: ಸೀಟಲ್ಲಿ ಬೆಲ್ಟ್ ಕಟ್ಕೊಂಡು ಕೂತಾಗ ತಲೆ ಅಲ್ಲಾಡಿಸದೇ ಕಾಣ್ಬೇಕು, ಅಳೆದು ಹಾಕಿದ ಗೆರೆ ಇರ್ಬೇಕು. 1997ರ ಅಕ್ಟೋಬರ್ 12ರಂದು ಹಾಡುಗಾರ ಜಾನ್ ಡೆನ್ವರ್ ಹೊಸದಾಗಿ ಕೊಂಡಿದ್ದ ಲಾಂಗ್ ಇಝಡ್ ವಿಮಾನ ಕ್ಯಾಲಿಫೋರ್ನಿಯಾ ತೀರದಲ್ಲಿ ಬಿದ್ದು ಅವರು ತೀರ್ಕೊಂಡ್ರು. ಅದು ಯಾರೋ ಮನೇಲಿ ಕಟ್ಟಿದ ವಿಮಾನ. ಟ್ಯಾಂಕ್ ಬದಲಾಯಿಸೋ ಹಿಡಿಕೆನ ಕಟ್ಟಿದವರು ಮೂಲ ಜಾಗದಿಂದ ಪೈಲಟ್‌ನ ಎಡ ಭುಜದ ಹಿಂದಕ್ಕೆ ಹಾಕಿದ್ರು, ಇಂಧನದ ಟ್ಯೂಬ್‌ಗಳಿಗೆ ಗುರುತೇ ಇರ್ಲಿಲ್ಲ, ಪೈಲಟ್ ಸೀಟಿಂದ ಅವು ಕಾಣ್ತಾನೂ ಇರ್ಲಿಲ್ಲ. ತಿರುಗಿ ಹಿಡಿಕೆಗೆ ಕೈ ಹಾಕೋವಾಗ ಕಾಲು ಗೊತ್ತಿಲ್ಲದೇ ಬಲ ರಡರ್ ಒತ್ತಿರ್ಬೇಕು ಅಂತ ತನಿಖೆ ಹೇಳ್ತು, ಗುರುತಿಲ್ಲದ ಟ್ಯೂಬ್‌ಗಳನ್ನೂ ಹಿಡಿಕೆಯ ಜಾಗವನ್ನೂ ಕಾರಣಗಳ ಪಟ್ಟೀಲಿ ಸೇರಿಸ್ತು. ನೀವು ಕಟ್ತಿರೋವಾಗಲೇ ಒಂದು ದಿನ ಸೀಟಲ್ಲಿ ಕೂತು, ಕಣ್ಣು ಮುಚ್ಚಿ ಹಿಡಿಕೆ ಸಿಗತ್ತಾ ನೋಡಿ, ಕಣ್ಣು ಬಿಟ್ಟು ಟ್ಯೂಬ್ ಕಾಣತ್ತಾ ನೋಡಿ. ಕಾಣಲ್ಲ ಅಂದ್ರೆ ಈಗಲೇ ಜಾಗ ಬದಲಾಯಿಸಿ. ಜೊತೆಗೆ ಆ ಪ್ರಿಸಂ ಸೆನ್ಸರ್ ಟ್ಯಾಂಕಿಗೊಂದು ಹಾಕಿ.

ಪ್ರಶ್ನೆ: ಮಗ ಫ್ಲೈಯಿಂಗ್ ಕಲೀತಿದ್ದಾನೆ. ಟ್ಯಾಂಕಲ್ಲಿ ಇಂಧನ ಇದ್ರೂ ಇಂಜಿನ್ ನಿಲ್ಲತ್ತೆ ಅಂತ ಹೇಳ್ದ, ಅವತ್ತಿಂದ ನಿದ್ದೆ ಇಲ್ಲ. ಹಂಗೂ ಆಗತ್ತಾ?

ಆಗತ್ತೆ ಅಮ್ಮ, ಆದ್ರೆ ಅದು ಗೊತ್ತಿರೋ ಮಗನ ಬಗ್ಗೆ ಹೆದರಿಕೆ ಕಡಿಮೆ ಇಟ್ಕೊಳ್ಳಿ. ಇಂಧನದ ಅಪಘಾತಗಳಲ್ಲಿ ಎರಡು ಥರ. ಒಂದು, ವಿಮಾನದಲ್ಲಿ ಎಲ್ಲೂ ಇಂಧನವೇ ಇಲ್ಲ. ಇನ್ನೊಂದು, ಒಂದು ಟ್ಯಾಂಕಲ್ಲಿ ಇದೆ, ಇಂಜಿನ್ ಕುಡೀತಿರೋದು ಖಾಲಿ ಟ್ಯಾಂಕಿಂದ. ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳೋ ಪ್ರಕಾರ 2011ರಿಂದ 2015ರವರೆಗೆ ಇಂಧನದ ವಿಷಯಕ್ಕೆ ವರ್ಷಕ್ಕೆ ಸರಾಸರಿ 50ಕ್ಕಿಂತ ಜಾಸ್ತಿ ಅಪಘಾತ ಆಗಿದೆ, ಅದ್ರಲ್ಲಿ ಶೇಕಡಾ 56 ಮೊದಲನೇ ಥರದ್ದು, 35 ನಿಮ್ಮ ಮಗ ಹೇಳಿದ ಎರಡನೇ ಥರದ್ದು.

ರೆಕ್ಕೆ ಮೇಲಿರೋ ಸೆಸ್ನಾ 172ರಂಥದ್ರಲ್ಲಿ ಎರಡೂ ಟ್ಯಾಂಕಿಂದ ಒಟ್ಟಿಗೆ ಕುಡಿಯೋ ಹಾಗೆ ಇಡಬಹುದು. ರೆಕ್ಕೆ ಕೆಳಗಿರೋ ಪೈಪರ್‌ಗಳಲ್ಲಿ ಸಾಮಾನ್ಯವಾಗಿ ಎಡ ಅಥವಾ ಬಲ, ಒಂದೇ. ಅಲ್ಲಿ ಪೈಲಟ್ ಗಡಿಯಾರ ನೋಡ್ಕೊಂಡು ಬದಲಾಯಿಸ್ತಿರ್ಬೇಕು, ಅರ್ಧ ಗಂಟೆಗೊಂದು ಸಲ ಅಂತ ಎಷ್ಟೋ ಜನ ರೂಢಿ ಮಾಡ್ಕೊಂಡಿರ್ತಾರೆ. ಬದಲಾಯಿಸೋ ಮೊದಲು ಪಂಪ್ ಆನ್ ಮಾಡಿ, ಹಿಡಿಕೆ ಟಕ್ ಅಂತ ಜಾಗಕ್ಕೆ ಕೂತ್ಕೊಂಡಿದ್ಯಾ ಬೆರಳಲ್ಲಿ ನೋಡಿ, ಪ್ರೆಷರ್ ಗೇಜ್ ಸ್ವಲ್ಪ ಹೊತ್ತು ನೋಡ್ತಾ ಇರ್ಬೇಕು. ಎತ್ತರ ಇರುವಾಗ, ಹತ್ರ ಇಳಿಯೋಕೆ ಜಾಗ ಇರುವಾಗ ಮಾಡ್ಬೇಕು, ಇಂಜಿನ್ ಕೆಮ್ಮಿದ್ರೆ ವಾಪಸ್ ತಿರುಗಿಸೋಕೆ ಸಮಯ ಇರತ್ತೆ. ಟೇಕಾಫ್‌ಗೆ ನಿಂತ್ಕೊಂಡಾಗ ಅಥವಾ ಇಳಿಯೋಕೆ ಕೊನೇ ತಿರುವಲ್ಲಿ ಮಾಡೋದಲ್ಲ. ಮುಂದಿನ ಸಲ ಮಗ ಫೋನ್ ಮಾಡಿದಾಗ ಅವನ ವಿಮಾನ ಯಾವ ಥರದ್ದು, ಎಷ್ಟು ಹೊತ್ತಿಗೊಂದು ಸಲ ಟ್ಯಾಂಕ್ ಬದಲಾಯಿಸ್ತಾನೆ ಅಂತ ಕೇಳಿ, ತಡವರಿಸದೇ ಹೇಳಿದ್ರೆ ಅವತ್ತು ರಾತ್ರಿ ನಿದ್ದೆ ಮಾಡಿ.